ಕಳ್ವಪ್ಪಿನ ಸಾಕ್ಷಿಗಳು

ಚನ್ನರಾಯಪಟ್ಟಣದ ಉತ್ತರಕ್ಕೆ ಬಾಗೂರು, ನುಗ್ಗೇಹಳ್ಳಿ, ಆಗ್ನೇಯಕ್ಕೆ ಶ್ರವಣಬೆಳಗೊಳ. ರಾಗಿ ಹೊಲ, ತೆಂಗಿನ ತೋಟ, ಕೆರೆಗಳ ಈ ಸೀಮೆಯನ್ನು ಗಂಗರು ಆಳಿದರು, ಹೊಯ್ಸಳರು ಆಳಿದರು, ವಿಜಯನಗರದವರೂ ಮೈಸೂರಿನವರೂ ಆಳಿದರು. ಆಳಿದವರ ಅರಮನೆಗಳು ಇಲ್ಲಿ ಉಳಿದಿಲ್ಲ. ಉಳಿದಿರುವುದು ಕಟ್ಟಿಸಿದ ಗುಡಿ, ತೋಡಿಸಿದ ಕೆರೆ, ಮತ್ತು ಸತ್ತವರಿಗಾಗಿ ನಿಲ್ಲಿಸಿದ ಕಲ್ಲು.

ಆ ಕಲ್ಲುಗಳಲ್ಲಿ ಎರಡು ಬಗೆ. ಊರ ಮುಂದೆ, ಕೆರೆ ಏರಿಯ ಮೇಲೆ, ಹೊಲದ ಬದುವಿನಲ್ಲಿ ನಿಂತಿರುವುದು ವೀರಗಲ್ಲು. ಅದರ ಕೆಳಗಿನ ಪಟ್ಟಿಯಲ್ಲಿ ಕಾಳಗ. ನಡುವಿನ ಪಟ್ಟಿಯಲ್ಲಿ ಸತ್ತ ವೀರನನ್ನು ಎರಡು ಕಡೆಯಿಂದ ಹಿಡಿದು ಮೇಲಕ್ಕೊಯ್ಯುವ ಅಪ್ಸರೆಯರು. ಮೇಲಿನ ಪಟ್ಟಿಯಲ್ಲಿ ಲಿಂಗದ ಮುಂದೆ ಕೈಮುಗಿದು ಕುಳಿತ ವೀರ, ಪಕ್ಕದಲ್ಲಿ ಪೂಜಾರಿ. ಎರಡನೆಯದು ಜೈನರ ನಿಸಿಧಿ. ಅದಕ್ಕೆ ಕಾಳಗವಿಲ್ಲ, ಕತ್ತಿಯಿಲ್ಲ. ಅನ್ನ ನೀರು ಬಿಟ್ಟು, ಗುರುಗಳ ಎದುರು ಕುಳಿತು, ಎಚ್ಚರದಲ್ಲೇ ದೇಹ ತೊರೆದವರ ನೆನಪಿನ ಕಲ್ಲು ಅದು. ಬೆಳಗೊಳದ ಚಿಕ್ಕಬೆಟ್ಟದ ಮೇಲೆ ನಿಲ್ಲಿಸಿದ ಕಲ್ಲು ಸಾಲದೆ ಬಂಡೆಗೇ ಅಕ್ಷರ ಕೊರೆದರು. ಹಳೆಯ ಶಾಸನಗಳು ಆ ಬೆಟ್ಟವನ್ನು ಕಟವಪ್ರ ಎಂದು ಕರೆಯುತ್ತವೆ. ಕನ್ನಡದವರ ಬಾಯಲ್ಲಿ ಅದು ಕಳ್ವಪ್ಪು. ಇಂದಿನ ಹೆಸರು ಚಂದ್ರಗಿರಿ.

ಎರಡು ಬಗೆಯ ಕಲ್ಲನ್ನೂ ನಿಲ್ಲಿಸಿದವರು ಪರಲೋಕವನ್ನು ಗಟ್ಟಿಯಾಗಿ ನಂಬಿದ್ದ ಜನ. ಸತ್ತ ಮೇಲೆ ಏನೂ ಇಲ್ಲ ಎಂಬ ಅನುಮಾನ ಅವರ ಬರಹದಲ್ಲಿ ಎಲ್ಲೂ ಸುಳಿಯುವುದಿಲ್ಲ. ಆದರೂ ಕಳ್ವಪ್ಪಿನ ಶಾಸನಗಳನ್ನು ಒಂದೊಂದಾಗಿ ಓದುತ್ತ ಹೋದರೆ ಒಂದು ಸಂಗತಿ ಕಣ್ಣಿಗೆ ಕಟ್ಟುತ್ತದೆ. ಸ್ವರ್ಗಕ್ಕೆ ಅಲ್ಲಿ ಸಿಕ್ಕಿರುವುದು ಒಂದೆರಡು ಪದ. ದೇವಲೋಕವನ್ನು ಸೇರಿದರು, ಇಂದ್ರಲೋಕಕ್ಕೆ ಸಂದರು ಎಂದಿಷ್ಟು ಹೇಳಿ ಶಾಸನ ಮುಗಿದುಬಿಡುತ್ತದೆ. ಉಳಿದ ಜಾಗವೆಲ್ಲ ಹೋದವರು ಯಾರು, ಯಾರ ಶಿಷ್ಯರು, ಹೇಗೆ ಹೋದರು, ಎಷ್ಟು ದಿನ ನೋಂತರು, ಯಾರ ಎದುರು ಹೋದರು ಎಂಬುದಕ್ಕೆ. ಆ ಕಾಲದವರಿಗೆ ಸಾವು ಮಾಡಿ ಮುಗಿಸಬೇಕಾದ ಒಂದು ಕೆಲಸ; ಆ ಕೆಲಸಕ್ಕೆ ಅಪ್ಪಣೆ ಬೇಕು, ಜೊತೆ ಬೇಕು, ಸಾಕ್ಷಿ ಬೇಕು. ಸಾವಿರದ ನಾನೂರು ವರ್ಷಗಳ ಹಿಂದೆ ಈ ಬೆಟ್ಟದಲ್ಲಿ ಶುರುವಾದ ಆ ದಾಖಲೆಯ ಕಥೆಯೇ ಈ ಬರಹ.

ಬರಗಾಲದಿಂದ ಬಂದವರು

ಚಂದ್ರಗಿರಿಯ ಪಾರ್ಶ್ವನಾಥ ಬಸದಿಯ ದಕ್ಷಿಣಕ್ಕೆ ಬಂಡೆಯ ಮೇಲೆ ಒಂದು ಶಾಸನವಿದೆ. ಅಕ್ಷರ ಕನ್ನಡದ್ದು, ಭಾಷೆ ಸಂಸ್ಕೃತ, ಕಾಲ ಸುಮಾರು ಕ್ರಿ.ಶ. 600. ಬೆಳಗೊಳದ ಎಲ್ಲ ಶಾಸನಗಳಿಗೂ ಇದೇ ಹಿರಿಯದು. ಅದು ಹೇಳುವ ಕಥೆ ಹೀಗೆ: ಉಜ್ಜಯಿನಿಯಲ್ಲಿ ಭದ್ರಬಾಹು ಸ್ವಾಮಿಗಳು ನಿಮಿತ್ತಜ್ಞಾನದಿಂದ ಹನ್ನೆರಡು ವರ್ಷದ ಬರಗಾಲವನ್ನು ಮುಂಗಂಡು ಹೇಳಿದರು. ಮುನಿಸಂಘವೆಲ್ಲ ಉತ್ತರದಿಂದ ದಕ್ಷಿಣಕ್ಕೆ ಹೊರಟಿತು. ಜನ, ಧನ, ಧಾನ್ಯ, ದನಕರುಗಳಿಂದ ತುಂಬಿದ್ದ ಈ ನಾಡಿಗೆ ಬಂದು ಮುಟ್ಟಿತು. ಇಲ್ಲಿಗೆ ಬಂದಾಗ ಆಚಾರ್ಯ ಪ್ರಭಾಚಂದ್ರರಿಗೆ ತಮ್ಮ ಆಯುಷ್ಯ ಇನ್ನು ಸ್ವಲ್ಪವೇ ಉಳಿದಿದೆ ಎಂದು ತಿಳಿಯಿತು. ಸಂಘವನ್ನು ಮುಂದಕ್ಕೆ ಕಳಿಸಿದರು. ಒಬ್ಬ ಶಿಷ್ಯನನ್ನು ಮಾತ್ರ ಉಳಿಸಿಕೊಂಡು, ಹಾಸುಬಂಡೆಯ ಮೇಲೆ ಆರಾಧನೆ ಮಾಡಿ ದೇಹ ತೊರೆದರು. ಕಾಲಕ್ರಮದಲ್ಲಿ ಏಳುನೂರು ಋಷಿಗಳು ಅದೇ ದಾರಿ ಹಿಡಿದರು.

ಆ ಶಾಸನ ಬರೆದವನು ಬೆಟ್ಟವನ್ನು ಕಣ್ಣಾರೆ ಕಂಡವನು. ಮಳೆಮೋಡದಂತೆ ಕಪ್ಪಾದ ಬಂಡೆಗಳನ್ನು, ಹೂಹಣ್ಣಿನ ಮರಗಳನ್ನು, ಹಂದಿ, ಚಿರತೆ, ಹುಲಿ, ಕರಡಿ, ಕತ್ತೆಕಿರುಬ, ಹಾವು, ಜಿಂಕೆಗಳು ತುಂಬಿದ ಕಣಿವೆ ಗವಿಗಳನ್ನು ಅವನು ಎಣಿಸಿ ಹೇಳುತ್ತಾನೆ. ಸಾಯಲು ಕುಳಿತ ಮುನಿಯ ಸುತ್ತ ಇದ್ದ ಲೋಕ ಅದು. ಸುತ್ತಲ ಬಯಲಿನಿಂದ ಸುಮಾರು 175 ಅಡಿಯಷ್ಟೇ ಎತ್ತರದ ಈ ಗುಡ್ಡ ಇಂದು ಬೋಳಾಗಿ ಕಾಣುತ್ತದೆ. ಆದರೆ ಮೊದಲ ಶಾಸನದ ಹೊತ್ತಿಗೆ ಅದು ಕಾಡು.

ಈ ಕಥೆಯನ್ನೇ ಕನ್ನಡದ ಹಳೆಯ ಗದ್ಯಕೃತಿ ‘ವಡ್ಡಾರಾಧನೆ’ ಇನ್ನೊಂದು ಬಗೆಯಲ್ಲಿ ಹೇಳುತ್ತದೆ. ಅಲ್ಲಿ ಇಲ್ಲಿಗೆ ಬಂದು ಸಮಾಧಿ ಹೊಂದುವವರು ಸ್ವತಃ ಭದ್ರಬಾಹುಗಳು. ಕಡೆಯವರೆಗೂ ಗುರುಸೇವೆ ಮಾಡುವವನು ದೊರೆತನ ಬಿಟ್ಟು ಮುನಿಯಾದ ಚಂದ್ರಗುಪ್ತ. 7ನೆಯ ಶತಮಾನದ ಇನ್ನೊಂದು ಶಾಸನವೂ ಭದ್ರಬಾಹು, ಚಂದ್ರಗುಪ್ತ ಎಂಬ ಜೋಡಿ ಹೆಸರನ್ನು ಹೇಳುತ್ತದೆ. ಬೆಟ್ಟದ ಗವಿಯೊಂದರಲ್ಲಿ ಭದ್ರಬಾಹುವಿನ ಪಾದಗಳೆಂದು ಪೂಜೆ ನಡೆಯುತ್ತದೆ. ಚಂದ್ರಗುಪ್ತ ಬಸದಿಯ ಕಲ್ಲಿನ ಜಾಲಂಧ್ರದಲ್ಲಿ ದಾಸೋಜನೆಂಬ ರೂವಾರಿ ಗುರುಶಿಷ್ಯರ ಕಥೆಯನ್ನು ಸಣ್ಣ ಸಣ್ಣ ಚೌಕಗಳಲ್ಲಿ ಕೆತ್ತಿದ್ದಾನೆ. ಆ ಚಂದ್ರಗುಪ್ತ ಮೌರ್ಯ ಚಕ್ರವರ್ತಿಯೇ ಹೌದೋ ಅಲ್ಲವೋ ಎಂಬ ಚರ್ಚೆಯನ್ನು ವಿದ್ವಾಂಸರು ನೂರು ವರ್ಷಗಳಿಂದ ನಡೆಸಿದ್ದಾರೆ. ಈ ನಾಡಿನ ಜನ ಮಾತ್ರ ಆ ಕಥೆಯಲ್ಲಿ ಬೇರೊಂದನ್ನು ಹಿಡಿದುಕೊಂಡರು. ದೊಡ್ಡ ದೊರೆಯೊಬ್ಬ ತನ್ನ ಗುರುವಿನ ಸಾವಿನ ಹೊತ್ತಿನಲ್ಲಿ ಪಕ್ಕದಲ್ಲಿ ಕುಳಿತಿದ್ದ. ಅದು ಅವನು ಗೆದ್ದ ನಾಡುಗಳಿಗಿಂತ ಮೇಲಾದ ಕೆಲಸ ಎಂಬುದು ಅವರ ನಂಬಿಕೆ. ‘ವಡ್ಡಾರಾಧನೆ’ಯ ಹತ್ತೊಂಬತ್ತು ಕಥೆಗಳೂ ಹೀಗೆ ಚೆನ್ನಾಗಿ ಸತ್ತವರ ಕಥೆಗಳೇ.

ನೋಂತವರು

ಆ ಮೊದಲ ಶಾಸನದ ಸುತ್ತಮುತ್ತ, 7, 8ನೆಯ ಶತಮಾನಗಳಲ್ಲಿ, ಬಂಡೆಯ ಮೇಲೆ ಹತ್ತಾರು ಚಿಕ್ಕ ಶಾಸನಗಳು ಮೂಡಿದವು. ಎರಡು ಸಾಲು, ನಾಲ್ಕು ಸಾಲು. ಕೆಲವು ಗದ್ಯ, ಕೆಲವು ಪದ್ಯ. ಕನ್ನಡದಲ್ಲಿ ಛಂದಸ್ಸು ಕಟ್ಟಿದ ಅತಿ ಹಳೆಯ ಮಾದರಿಗಳಲ್ಲಿ ಕೆಲವು ಸಿಗುವುದು ಇಲ್ಲೇ. ಕನ್ನಡ ಕಾವ್ಯ ಹೀಗೆ ತನ್ನ ಮೊದಲ ಹೆಜ್ಜೆಗಳಲ್ಲೇ ಸಾವಿನ ಬಳಿ ಕುಳಿತು ಮಾತಾಡಿದೆ.

ಮಲನೂರಿನ ಪಟ್ಟಿನಿ ಗುರವರ ಶಿಷ್ಯ ಉಗ್ರಸೇನ ಗುರವರು ಒಂದು ತಿಂಗಳು ಸನ್ಯಸನ ನೋಂತು, ಎಂದರೆ ಉಪವಾಸದ ವ್ರತ ಹಿಡಿದು, ಮುಡಿಪಿದರು. ಚಿತ್ತೂರಿನ ಮೌನಿಗುರವರ ಶಿಷ್ಯೆ, ಜೈನ ಸನ್ಯಾಸಿನಿ ನಾಗಮತಿ ಗಂತಿಯರು ಮೂರು ತಿಂಗಳು ನೋಂತರು. ಶಶಿಮತಿ ಗಂತಿಯರು ಈ ಬೆಟ್ಟಕ್ಕೆ ಬಂದು, ತಮ್ಮ ಆಯುಷ್ಯದ ಪರಿಮಾಣವನ್ನು ಅರಿತು, ಇದೇ ತಮ್ಮ ದಾರಿಯೆಂದು ಹಿಡಿದರು. ನಂದಿಸೇನ ಮುನಿಗಳ ಶಾಸನದ ಪದ್ಯ ಕನ್ನಡ ಓದುವವರಿಗೆಲ್ಲ ಪರಿಚಿತ. ರೂಪ, ಭೋಗ, ಸಂಪತ್ತುಗಳು ಕಾಮನಬಿಲ್ಲಿನಂತೆ, ಮಿಂಚಿನಂತೆ, ಇಬ್ಬನಿಯಂತೆ ಕ್ಷಣದಲ್ಲಿ ಕರಗುತ್ತವೆಂದು ಕಂಡು ಅವರು ಸನ್ಯಸನ ಕೈಗೊಂಡರೆಂದು ಆ ಪದ್ಯ ಹೇಳುತ್ತದೆ.

ಈ ಹೆಸರುಗಳಲ್ಲಿ ಹೆಂಗಸರ ಹೆಸರು ಎಷ್ಟಿವೆ ನೋಡಬೇಕು. ಆ ಶತಮಾನಗಳ ಕನ್ನಡ ನಾಡಿನಲ್ಲಿ ದಾನ ಕೊಟ್ಟ ಅರಸಿಯರ ಹೆಸರು ಶಾಸನಕ್ಕೆ ಬಂದಿರಬಹುದು. ಮನೆ ಮಠ ಆಸ್ತಿ ಒಂದೂ ಇಲ್ಲದ, ತಲೆಗೂದಲನ್ನೂ ಕಿತ್ತು ಬಿಸುಟ ಹೆಂಗಸೊಬ್ಬಳ ಹೆಸರನ್ನು, ಆಕೆಯ ಗುರುವಿನ ಹೆಸರನ್ನು, ಆಕೆ ಬಂದ ಊರಿನ ಹೆಸರನ್ನು ಬಂಡೆಯ ಮೇಲೆ ಕೊರೆದು ಉಳಿಸಿದ್ದು ಈ ಬೆಟ್ಟ. ಬದುಕಿದ್ದಾಗ ಯಾವ ದಾಖಲೆಗೂ ಸೇರದವರು ಸಾವಿನಿಂದಾಗಿ ಚರಿತ್ರೆಗೆ ಸೇರಿದರು.

ಸಲ್ಲೇಖನವೆಂಬ ಈ ವ್ರತಕ್ಕೆ ಕಟ್ಟುನಿಟ್ಟಾದ ನೇಮವಿತ್ತು. ಬೇಕೆನಿಸಿದಾಗ ಹೊರಟುಬಿಡುವ ದಾರಿ ಇದಲ್ಲ. ಸಮಂತಭದ್ರರ ‘ರತ್ನಕರಂಡಕ ಶ್ರಾವಕಾಚಾರ’ ಸಲ್ಲೇಖನಕ್ಕೆ ಕಾಲವನ್ನು ಗೊತ್ತುಮಾಡುತ್ತದೆ: ಪರಿಹಾರವೇ ಇಲ್ಲದ ವಿಪತ್ತು, ಬರಗಾಲ, ಮುಪ್ಪು, ರೋಗ. ಆಗಲೂ ಗುರುಗಳ ಅಪ್ಪಣೆ ಬೇಕು. ಮೊದಲು ಪ್ರೀತಿ, ವೈರ, ನಂಟುಗಳನ್ನು ಬಿಡಬೇಕು. ನೆಂಟರಿಷ್ಟರನ್ನೂ ಆಳುಕಾಳುಗಳನ್ನೂ ಕರೆದು ಸವಿಮಾತಿನಲ್ಲಿ ಕ್ಷಮೆ ಕೇಳಬೇಕು, ತಾನೂ ಕ್ಷಮಿಸಬೇಕು. ಮಾಡಿದ ತಪ್ಪನ್ನು ಮುಚ್ಚಿಡದೆ ಒಪ್ಪಿಕೊಳ್ಳಬೇಕು. ಆಮೇಲೆ ದೇಹದ ಸರದಿ. ಅನ್ನ ಬಿಟ್ಟು ಹಾಲು. ಹಾಲು ಬಿಟ್ಟು ತಿಳಿಯಾದ ಕಾಂಜಿ, ಬಿಸಿನೀರು. ಕಡೆಗೆ ಅದೂ ಇಲ್ಲ. ಬಾಯಲ್ಲಿ ಪಂಚನಮಸ್ಕಾರ. ಬಾಯಿ ಆಡದಾದಾಗ ಪಕ್ಕದಲ್ಲಿ ಕುಳಿತವರು ಅದನ್ನು ಹೇಳಿ ಕೇಳಿಸಬೇಕು.

‘ತತ್ತ್ವಾರ್ಥಸೂತ್ರ’ ಈ ವ್ರತಕ್ಕೆ ಐದು ದೋಷಗಳನ್ನು ಹೇಳಿದೆ. ಇನ್ನಷ್ಟು ದಿನ ಬದುಕಬೇಕೆಂಬ ಆಸೆ ದೋಷ. ಬೇಗ ಸತ್ತರೆ ಸಾಕೆಂಬ ಆಸೆಯೂ ದೋಷ. ಗೆಳೆಯರ ಮೇಲಿನ ಮೋಹ ದೋಷ, ಹಿಂದೆ ಉಂಡ ಸುಖವನ್ನು ಮೆಲುಕು ಹಾಕುವುದು ದೋಷ. ಐದನೆಯದು ಎಲ್ಲಕ್ಕಿಂತ ಕಠಿಣ: ಈ ವ್ರತದ ಫಲವಾಗಿ ಮುಂದಿನ ಜನ್ಮದಲ್ಲಿ ಇಂಥ ಸುಖ ಸಿಗಲಿ ಎಂದು ಬಯಸುವುದೂ ದೋಷ. ಸ್ವರ್ಗವನ್ನು ನಂಬಬೇಕು, ಆದರೆ ಸ್ವರ್ಗಕ್ಕಾಗಿ ಸಾಯಬಾರದು. ಕಳ್ವಪ್ಪಿನ ಶಾಸನಗಳು ದೇವಲೋಕಕ್ಕೆ ಒಂದೇ ಮಾತು ಕೊಟ್ಟು ಸುಮ್ಮನಾಗುವುದರ ಹಿಂದೆ ಈ ಶಿಸ್ತು ಇದೆ. ಇದು ಆತ್ಮಹತ್ಯೆಯಲ್ಲವೇ ಎಂಬ ಪ್ರಶ್ನೆಯನ್ನು ಆ ಕಾಲದವರೇ ಎತ್ತಿದ್ದರು. ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ಯಲ್ಲಿ ಅದಕ್ಕೆ ಉತ್ತರವಿತ್ತಿದ್ದಾರೆ. ವರ್ತಕನ ಮಳಿಗೆಗೆ ಅಪಾಯ ಬಂದರೆ ಅವನು ಮೊದಲು ಮಳಿಗೆಯನ್ನು ಉಳಿಸಲು ನೋಡುತ್ತಾನೆ. ಅದು ಆಗದೆಂದಾಗ ಒಳಗಿನ ಸರಕನ್ನಾದರೂ ಕಾಯುತ್ತಾನೆ. ದೇಹ ಉಳಿಯದೆಂದು ಖಚಿತವಾದಾಗ ಧರ್ಮವನ್ನು ಕಾಯುವುದು ಹಾಗೆಯೇ; ರಾಗದ್ವೇಷವಿಲ್ಲದ ಕಡೆ ಹತ್ಯೆಯ ಮಾತಿಲ್ಲ ಎಂಬುದು ಅವರ ನಿಲುವು.

ಕಿರೀಟ ಇಳಿಸಿದವರು

10ನೆಯ ಶತಮಾನದ ಕೊನೆಗೆ ಗಂಗ, ರಾಷ್ಟ್ರಕೂಟ ಎಂಬ ಎರಡು ದೊಡ್ಡ ಮನೆತನಗಳು ಒಟ್ಟೊಟ್ಟಿಗೆ ಕುಸಿದವು. ಗಂಗರ ಮಾರಸಿಂಹ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಪರವಾಗಿ ಕಾದಿದ ಮಹಾವೀರ. ಚಂದ್ರಗಿರಿಯ ಕೂಗೆ ಬ್ರಹ್ಮದೇವರ ಕಂಬದ ಮೇಲೆ ಅವನ ಗೆಲುವುಗಳ ಪಟ್ಟಿಯೇ ಇದೆ. ಆ ಪಟ್ಟಿ ಮುಗಿಯುವುದು ಯುದ್ಧಭೂಮಿಯಲ್ಲಲ್ಲ. ರಾಜ್ಯವನ್ನು ಬಿಟ್ಟುಕೊಟ್ಟು, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಪಾದದ ಬಳಿ ಮೂರು ದಿನ ನೋಂತು, 974ರಲ್ಲಿ ಅವನು ಸಮಾಧಿ ಹೊಂದಿದ.

ಮಾರಸಿಂಹ ಪಟ್ಟಕ್ಕೆ ಕೂರಿಸಲು ಹೆಣಗಿದ್ದು ತನ್ನ ಸೋದರಿಯ ಮಗ ಇಂದ್ರನನ್ನು. ಮುಮ್ಮಡಿ ಕೃಷ್ಣನ ಮೊಮ್ಮಗನಾದ ಈ ನಾಲ್ಕನೆಯ ಇಂದ್ರ ರಾಷ್ಟ್ರಕೂಟರ ಕಡೆಯ ಕುಡಿ. ರಾಜಧಾನಿ ಮಾನ್ಯಖೇಟ ಕೈಬಿಟ್ಟಿತು, ಚಾಲುಕ್ಯ ತೈಲಪ ಗೆದ್ದ, ಸೋದರಮಾವ ತೀರಿಹೋದ. ಇಂದ್ರ ಕಳ್ವಪ್ಪಿಗೆ ಬಂದ. 982ರ ಮಾರ್ಚ್ ತಿಂಗಳಲ್ಲಿ ಇಲ್ಲೇ ನೋಂತು ಗತಿಸಿದ. ಚಂದ್ರಗಿರಿಯ ಕಂಬವೊಂದರ ಮೇಲಿನ ಅವನ ಶಾಸನ ಓದುವವರಿಗೆ ಅಚ್ಚರಿ ಕಾದಿದೆ. ಅದು ಕಳೆದುಹೋದ ಸಾಮ್ರಾಜ್ಯದ ಬಗ್ಗೆ ಗೋಳಾಡುವುದಿಲ್ಲ. ಕುದುರೆಯ ಮೇಲೆ ಕುಳಿತು ಚೆಂಡಾಡುವುದರಲ್ಲಿ ಅವನಿಗಿದ್ದ ಕೈಚಳಕವನ್ನು, ಚೆಂಡನ್ನು ತಿರುಗಿಸುವ ಬಗೆಬಗೆಯ ವರಸೆಗಳನ್ನು ಪದ್ಯದ ಮೇಲೆ ಪದ್ಯವಾಗಿ ಹೊಗಳುತ್ತದೆ. ಸತ್ತವನನ್ನು ಪ್ರೀತಿಸಿದ ಯಾರೋ ಅವನು ನಗುತ್ತಿದ್ದ ದಿನಗಳನ್ನು ಕಲ್ಲಿಗೆ ಹಾಕಿಸಿದ್ದಾರೆ. ಆ ಹೊತ್ತಿಗೆ ಎದುರಿನ ದೊಡ್ಡಬೆಟ್ಟದಲ್ಲಿ ಚಾವುಂಡರಾಯನ ಗೊಮ್ಮಟ ಮೂಡುತ್ತಿದ್ದ ಕಾಲ. ರಾಜ್ಯವನ್ನು ಗೆದ್ದು ಬಿಟ್ಟವನ ವಿಗ್ರಹ ಆ ಬೆಟ್ಟದಲ್ಲಿ, ರಾಜ್ಯವನ್ನು ಕಳೆದುಕೊಂಡವನ ಸಮಾಧಿ ಈ ಬೆಟ್ಟದಲ್ಲಿ.

ಕತ್ತಿಯ ದಾರಿ

ಅದೇ ನಾಡಿನಲ್ಲಿ, ಅದೇ ಶತಮಾನಗಳಲ್ಲಿ, ಇನ್ನೊಂದು ಸ್ವರ್ಗವೂ ಇತ್ತು. ಗೆದ್ದರೆ ಸಿರಿ, ಸತ್ತರೆ ಸುರಾಂಗನೆ, ಕ್ಷಣದಲ್ಲಿ ಅಳಿಯುವ ದೇಹಕ್ಕೆ ಕಾಳಗದಲ್ಲಿ ಚಿಂತೆಯೇಕೆ ಎಂಬ ಅರ್ಥದ ಶ್ಲೋಕವನ್ನು ವೀರಗಲ್ಲುಗಳು ಮತ್ತೆ ಮತ್ತೆ ಹೇಳಿದವು. ತುರು ಮರಳಿಸುವಾಗ, ಊರಳಿವಿನಲ್ಲಿ, ಹೆಣ್ಣಿನ ಮಾನ ಕಾಯುವಾಗ ಸತ್ತ ಸಾಮಾನ್ಯ ಒಕ್ಕಲು ಮಗನಿಗೂ ಅಪ್ಸರೆಯರು ಚಾಮರ ಬೀಸಿದರು. ಹಾಸನ ಜಿಲ್ಲೆಯ ಯಾವ ಊರಿಗೆ ಹೋದರೂ ಅಂಥ ಒಂದು ಕಲ್ಲು ಸಿಗುತ್ತದೆ. ಅದು ಬಡವನ ಪರಲೋಕ. ಊರಿಗಾಗಿ ಸತ್ತವನನ್ನು ಊರು ದೇವರ ಪಕ್ಕದಲ್ಲಿ ಕೂರಿಸಿತು.

ಈ ದಾರಿಗೆ ಕರಾಳವಾದ ತಿರುವುಗಳೂ ಇದ್ದವು. ಅದನ್ನು ಮರೆಮಾಚಿ ಹಿಂದಿನ ಕಾಲವನ್ನು ಹೊಗಳಿದರೆ ಸತ್ತವರಿಗೇ ಅನ್ಯಾಯ. ತಿರುಮಕೂಡಲು ನರಸೀಪುರ ತಾಲ್ಲೂಕಿನ ದೊಡ್ಡಹುಂಡಿಯಲ್ಲಿ ಗಂಗರ ನೀತಿಮಾರ್ಗ ಎರೆಗಂಗನ ಸಾವನ್ನು ಕೆತ್ತಿದ 9ನೆಯ ಶತಮಾನದ ಕಲ್ಲು ಸಿಕ್ಕಿದೆ. ದೊರೆ ಮಂಚದ ಮೇಲೆ ಒರಗಿದ್ದಾನೆ. ಅಗರಯ್ಯನೆಂಬ ಮನೆಮಗ ಅವನೊಡನೆ ಕೀಳ್ಗುಂಟೆಯಾದ, ಎಂದರೆ ಒಡೆಯನ ಜೊತೆಗೆ ತಾನೂ ಮಣ್ಣಾದ. ಹೊಯ್ಸಳರ ಕಾಲಕ್ಕೆ ಅದು ಗರುಡರ, ಎಂದರೆ ಒಡೆಯನ ಜೊತೆಗೇ ಸಾಯಲು ಆಣೆಯಿಟ್ಟ ವೀರರ, ವ್ರತವಾಯಿತು. 1220ರಲ್ಲಿ ಇಮ್ಮಡಿ ವೀರಬಲ್ಲಾಳ ತೀರಿಕೊಂಡಾಗ ಅವನ ದಂಡನಾಯಕ ಕುವರಲಕ್ಷ್ಮ, ಹೆಂಡತಿ ಸುಗ್ಗಲದೇವಿ, ಜೊತೆಗೆ ವ್ರತ ತೊಟ್ಟ ಸಾವಿರ ವೀರರು ಒಡೆಯನ ಹಿಂದೆಯೇ ಹೋದರೆಂದು ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬಳಿಯ ಕಂಬ ಹೇಳುತ್ತದೆ. ತಮ್ಮ ತಲೆಯನ್ನು ತಾವೇ ಕಡಿದುಕೊಳ್ಳುವ ವೀರರ ಉಬ್ಬುಚಿತ್ರಗಳು ಆ ಕಂಬದಲ್ಲಿ ಇಂದಿಗೂ ಕಾಣುತ್ತವೆ. ಕೃಷ್ಣರಾಜಪೇಟೆ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿಯ ಗರುಡಗಂಬಗಳು ಒಂದೇ ಮನೆತನದವರು ತಲೆಮಾರಿನ ಮೇಲೆ ತಲೆಮಾರಾಗಿ ಹೀಗೆ ಸತ್ತ ಕಥೆಯನ್ನು ಹೊತ್ತು ನಿಂತಿವೆ.

ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನ 1057ರ ಶಾಸನ ಇನ್ನೊಂದು ಕಥೆಯನ್ನು ಕಾಪಾಡಿದೆ. ಗಂಡ ಏಚನನ್ನು ಕಳೆದುಕೊಂಡ ದೇಕಬ್ಬೆ ಬೆಂಕಿಗೆ ಹೊರಟಳು. ಹೆತ್ತವರೂ ಬಂಧುಗಳೂ ಬೇಡವೆಂದು ಗೋಗರೆದರು. ಆಕೆ ಕೇಳಲಿಲ್ಲ. ಶಾಸನ ಆಕೆಯ ಎದೆಗಾರಿಕೆಯನ್ನು ಕೊಂಡಾಡುತ್ತದೆ. ಆದರೆ ತಡೆದವರ ಮಾತನ್ನೂ ಅಳಿಸದೆ ಇಟ್ಟಿದೆ. ಸಾವನ್ನು ಹೊಗಳಲು ನಿಲ್ಲಿಸಿದ ಕಲ್ಲಿನಲ್ಲೇ ಬದುಕು ಎಂದ ತಾಯಿತಂದೆಯರ ದನಿ ಉಳಿದುಬಂದಿದೆ.

ಈ ಸಾವುಗಳಿಗೂ ಕಳ್ವಪ್ಪಿನ ಸಾವುಗಳಿಗೂ ಇರುವ ಅಂತರ ದೊಡ್ಡದು. ಗರುಡ ತನ್ನ ಒಡೆಯನಿಗಾಗಿ ಸತ್ತ, ಸತಿ ಗಂಡನಿಗಾಗಿ ಸತ್ತಳು. ಇನ್ನೂ ಬದುಕಬಹುದಾಗಿದ್ದ ದೇಹಗಳು ಇನ್ನೊಬ್ಬರ ಸಾವಿಗೆ ಬಲಿಯಾದವು. ಸಲ್ಲೇಖನದ ನೇಮವಾದರೋ ಮುಗಿಯುತ್ತ ಬಂದ ಆಯುಷ್ಯಕ್ಕೆ ಮಾತ್ರ ಅನ್ವಯ. ಆ ನೇಮ ಯಾವಾಗಲೂ ಪಾಲನೆಯಾಯಿತೆಂದು ಯಾರೂ ಆಣೆಯಿಟ್ಟು ಹೇಳಲಾರರು. ಅದನ್ನು ಒರೆಗೆ ಹಚ್ಚುವ ಒಂದು ಕಥೆ ಹೊಯ್ಸಳರ ಅರಮನೆಯ ಬಾಗಿಲಲ್ಲೇ ನಡೆಯಿತು. ಅದಕ್ಕೆ ಮೊದಲು ಅದೇ ಅರಮನೆಯ ದಂಡನಾಯಕನೊಬ್ಬನ ಮನೆಯ ಕಥೆ.

ಗಂಗರಾಜನ ಮನೆ

ವಿಷ್ಣುವರ್ಧನನ ದಂಡನಾಯಕ ಗಂಗರಾಜ ತಲಕಾಡನ್ನು ಚೋಳರಿಂದ ಬಿಡಿಸಿದವನು. ಮೆಚ್ಚಿದ ದೊರೆ ಏನು ಬೇಕೆಂದು ಕೇಳಿದಾಗ ಅವನು ಕೇಳಿದ್ದು ಪರಮ ಎಂಬ ಗ್ರಾಮವನ್ನು. ಅದನ್ನೂ ತನಗಿಟ್ಟುಕೊಳ್ಳದೆ ತಾಯಿ ಮತ್ತು ಹೆಂಡತಿ ಕಟ್ಟಿಸಿದ ಬಸದಿಗಳಿಗೆ ಬಿಟ್ಟುಕೊಟ್ಟ. ತಾಯಿ ಪೋಚಿಕಬ್ಬೆಗಾಗಿ 1118ರ ಹೊತ್ತಿಗೆ ಚಂದ್ರಗಿರಿಯಲ್ಲಿ ಅವನು ಕಟ್ಟಿಸಿದ ಬಸದಿಯೇ ಇಂದಿನ ಕತ್ತಲೆ ಬಸದಿ. ಹೆಂಡತಿ ಲಕ್ಷ್ಮೀಮತಿ ಅದೇ ಬೆಟ್ಟದಲ್ಲಿ ಎರಡುಕಟ್ಟೆ ಬಸದಿ ಕಟ್ಟಿಸಿದಳು. ಅನ್ನ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಆಕೆಗೆ ಸಮನಾದವರಿಲ್ಲವೆಂದು ಶಾಸನ ಹಾಡಿ ಹೊಗಳಿದೆ.

ಇಂಥ ತುಂಬಿದ ಮನೆಗೆ ಸಾವು ಒಂದರ ಹಿಂದೊಂದು ಬಂತು. 1115ರಲ್ಲಿ ಲಕ್ಷ್ಮೀಮತಿಯ ಸೋದರ ಬೂಚಣ ಹೋದ. ಅದೇ ವರ್ಷ ಗುರುಗಳಾದ ಮೇಘಚಂದ್ರ ತ್ರೈವಿದ್ಯರು ಹೋದರು. 1120ರಿಂದ 1122ರ ಒಳಗೆ ಮೂವರು ಹೆಂಗಸರು: ಲಕ್ಷ್ಮೀಮತಿಯ ಸೋದರಿ ದೇಮತಿ, ಗಂಗರಾಜನ ತಾಯಿ ಪೋಚಿಕಬ್ಬೆ, ಕಡೆಗೆ ಲಕ್ಷ್ಮೀಮತಿ ತಾನೇ. 1123ರಲ್ಲಿ ಮನೆತನದ ಗುರು ಶುಭಚಂದ್ರ ಸಿದ್ಧಾಂತದೇವರು. ಬೂಚಣನಿಗೆ, ಮೇಘಚಂದ್ರರಿಗೆ ನಿಸಿಧಿ ನಿಲ್ಲಿಸುವಾಗ ಲಕ್ಷ್ಮೀಮತಿ ಗಂಡನ ಜೊತೆಗಿದ್ದಳು. ಕೆಲವೇ ವರ್ಷಗಳಲ್ಲಿ ಗಂಗರಾಜ ಅವಳಿಗೇ ಕಲ್ಲು ನಿಲ್ಲಿಸಬೇಕಾಯಿತು. ನಾಡುಗಳನ್ನು ಗೆದ್ದ ಆ ದಂಡನಾಯಕ ಈ ಎಲ್ಲ ವರ್ಷಗಳಲ್ಲೂ ಬೆಟ್ಟ ಹತ್ತಿ, ಒಂದು ಸಾವಿನ ಪಕ್ಕದಲ್ಲಿ ಕುಳಿತು, ಕವಿಯನ್ನೂ ರೂವಾರಿಯನ್ನೂ ಕರೆಸಿ, ಅಕ್ಷರ ಕೆತ್ತಿಸಿ ಇಳಿದ. ಅವನ ದುಃಖ ಆ ಶಾಸನಗಳಲ್ಲಿ ಬಾಯಿಬಿಟ್ಟು ಅಳುವುದಿಲ್ಲ. ಹೆಸರು, ಗುಣ, ತಿಥಿ, ವಾರ, ಗುರುಪರಂಪರೆ ಎಲ್ಲವನ್ನೂ ತಪ್ಪಿಲ್ಲದೆ ದಾಖಲಿಸುವುದೇ ಅವನ ಕಣ್ಣೀರು.

ಹೀಗೆ ಸತ್ತವರಿಗಾಗಿ ಉಳಿದವರು ಮಾಡುವ ಕೆಲಸವನ್ನು ಶಾಸನಗಳು ಪರೋಕ್ಷವಿನಯ ಎನ್ನುತ್ತವೆ. 1133ರಲ್ಲಿ ಗಂಗರಾಜ ಗತಿಸಿದಾಗ ಮಗ ಬೊಪ್ಪ ತಂದೆಯ ಪರೋಕ್ಷವಿನಯಕ್ಕೆಂದು ದೋರಸಮುದ್ರದಲ್ಲಿ, ಇಂದಿನ ಹಳೇಬೀಡಿನಲ್ಲಿ, ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದ. ಪ್ರತಿಷ್ಠೆಯ ಶೇಷೆಯನ್ನು ಅರ್ಚಕರು ಬಂಕಾಪುರದಲ್ಲಿದ್ದ ವಿಷ್ಣುವರ್ಧನನಿಗೆ ಒಯ್ದರು. ಅದೇ ಹೊತ್ತಿಗೆ ದೊರೆ ಯುದ್ಧ ಗೆದ್ದಿದ್ದ, ಅವನಿಗೆ ಗಂಡುಮಗು ಹುಟ್ಟಿದ ಸುದ್ದಿಯೂ ಬಂದಿತ್ತು. ಸಂತೋಷಗೊಂಡ ದೊರೆ ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟ. ಸತ್ತ ದಂಡನಾಯಕನ ನೆನಪಿನ ಗುಡಿಯೂ ಹುಟ್ಟಿದ ರಾಜಕುಮಾರನೂ ಒಂದೇ ಹೆಸರನ್ನು ಹಂಚಿಕೊಂಡರು.

ಮಾಚಿಕಬ್ಬೆಯ ತಿಂಗಳು

ವಿಷ್ಣುವರ್ಧನನ ಪಟ್ಟಮಹಿಷಿ ಶಾಂತಲೆಯ ತವರು ಈ ನಾಡಿನ ಹದಕ್ಕೆ ಒಳ್ಳೆಯ ನಿದರ್ಶನ. ತಂದೆ ಮಾರಸಿಂಗಯ್ಯ ಶೈವ. ತಾಯಿ ಮಾಚಿಕಬ್ಬೆ ಜೈನೆ. ಶಾಂತಲೆ ಮೇಘಚಂದ್ರರ ಶಿಷ್ಯ ಪ್ರಭಾಚಂದ್ರ ಸಿದ್ಧಾಂತದೇವರನ್ನು ಗುರುವಾಗಿ ಪಡೆದು, 1123ರಲ್ಲಿ ಚಂದ್ರಗಿರಿಯ ಮೇಲೆ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದಳು. ಗಂಡ ಬೇಲೂರಿನಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠಾಪಿಸಿದವನು. 1131ರಲ್ಲಿ ಶಾಂತಲೆ ಗತಿಸಿದ್ದು ಶೈವರ ಪುಣ್ಯಕ್ಷೇತ್ರವಾದ ಶಿವಗಂಗೆಯಲ್ಲಿ. ಒಂದೇ ಮನೆಯವರು ಕೈಲಾಸವನ್ನೂ ವೈಕುಂಠವನ್ನೂ ಜಿನಪದವನ್ನೂ ನಂಬಿಕೊಂಡಿದ್ದರು, ಒಬ್ಬರ ಪರಲೋಕವನ್ನು ಇನ್ನೊಬ್ಬರು ಅಲ್ಲಗಳೆಯಲಿಲ್ಲ.

ಮಗಳು ಹೋದ ಮೇಲೆ ಮಾಚಿಕಬ್ಬೆ, ರಾಣಿಯೇ ಸದ್ಗತಿ ಪಡೆದಳು, ಇನ್ನು ನಾನು ಉಳಿಯಲಾರೆ ಎಂದಳು. ಬೆಳಗೊಳಕ್ಕೆ ಬಂದಳು. ಶಾಸನ ಆ ದಿನಗಳನ್ನು ಹತ್ತಿರದಿಂದ ತೋರಿಸುತ್ತದೆ. ಅರೆಮುಚ್ಚಿದ ಕಣ್ಣು. ಬಾಯಲ್ಲಿ ಪಂಚಪದ. ಮನಸ್ಸಿನಲ್ಲಿ ಜಿನೇಂದ್ರ. ನೆಂಟರನ್ನು ಬೀಳ್ಕೊಡುವಾಗಿನ ಘನತೆ. ಒಂದು ತಿಂಗಳ ಉಪವಾಸ. ಪ್ರಭಾಚಂದ್ರ, ವರ್ಧಮಾನ, ರವಿಚಂದ್ರ ದೇವರುಗಳೂ ನೆರೆದ ಭವ್ಯರೂ ಸಾಕ್ಷಿ.

ಈ ಶಾಸನವನ್ನು ಓದುವಾಗ ‘ತತ್ತ್ವಾರ್ಥಸೂತ್ರ’ದ ಐದು ದೋಷಗಳು ನೆನಪಾಗದೆ ಇರವು. ಮಗಳ ಮೇಲಿನ ಮೋಹವೇ ಈ ತಾಯಿಯನ್ನು ಬೆಟ್ಟಕ್ಕೆ ಕರೆತಂದಿತಲ್ಲವೇ? ಶಾಸ್ತ್ರದ ಕಣ್ಣಿಗೆ ಅದು ದೋಷವೇ ಇರಬಹುದು. ಆದರೆ ಅವಳನ್ನು ಸುತ್ತುವರಿದಿದ್ದ ಮೂವರು ಗುರುಗಳು ಅವಳನ್ನು ಒಬ್ಬಂಟಿಯಾಗಿ ಆ ದುಃಖಕ್ಕೆ ಬಿಡಲಿಲ್ಲ. ಹೊರಡುವಾಗ ಮಗಳಿಗಾಗಿ ಹೊರಟವಳು ಆ ಮೂವತ್ತು ದಿನಗಳಲ್ಲಿ ಜಿನನ ಕಡೆಗೆ ತಿರುಗಿದಳೆಂಬುದು ಶಾಸನದ ನಂಬಿಕೆ. ಹೆತ್ತ ಕರುಳು ಮತ್ತು ವೈರಾಗ್ಯ ಎರಡನ್ನೂ ಒಂದೇ ಕಲ್ಲಿನಲ್ಲಿ ಇಟ್ಟ ಆ ಬರಹಗಾರ ಶಾಸ್ತ್ರವನ್ನು ಬಲ್ಲವನು, ಮನುಷ್ಯರನ್ನೂ ಬಲ್ಲವನು.

ಕಲ್ಲು ನಿಲ್ಲಿಸುತ್ತ ಬಂದವರು

ಅದೇ ಕಾಲದಲ್ಲೂ ಮುಂದೆಯೂ ಈ ಪದ್ಧತಿ ನಡೆದುಬಂತು. 1129ರಲ್ಲಿ ಮೂರು ದಿನ ನೋಂತು ಗತಿಸಿದ ಮಲ್ಲಿಷೇಣ ಮಲಧಾರಿ ದೇವರ ಪ್ರಶಸ್ತಿ ಪಾರ್ಶ್ವನಾಥ ಬಸದಿಯ ಕಂಬದ ಮೇಲಿದೆ. ಜೈನ ಗುರುಪರಂಪರೆಯ ಚರಿತ್ರೆಗೆ ಅದೊಂದು ಕೋಶವೇ ಆಗಿದೆ. 1163ರಲ್ಲಿ ದೇವಕೀರ್ತಿ ಪಂಡಿತರು ಹೋದಾಗ ಭಂಡಾರಿ ಬಸದಿ ಕಟ್ಟಿಸಿದ ಹುಳ್ಳರಾಜ ಕಲ್ಲು ನಿಲ್ಲಿಸಿದ. ನಯಕೀರ್ತಿ ಸಿದ್ಧಾಂತ ಚಕ್ರವರ್ತಿಗಳಿಗೆ ಅವರ ಗೃಹಸ್ಥ ಶಿಷ್ಯ, ಮಂತ್ರಿ ನಾಗದೇವ ನಿಲ್ಲಿಸಿದ. ಗಂಗರಾಜ ನೆಲೆಗೊಳಿಸಿದ ಜಿನನಾಥಪುರದಲ್ಲಿ, 1213ರಲ್ಲಿ ಗತಿಸಿದವರೊಬ್ಬರ ನೆನಪಿಗೆ ಒಂದು ಶಿಲಾಕೂಟವಿದೆ. ನಾಲ್ಕು ಅಡಿ ಚೌಕ, ಐದು ಅಡಿ ಎತ್ತರ, ಮೇಲೊಂದು ಕಲಶ, ನಾಲ್ಕು ಕಡೆಯೂ ಕಲ್ಲಿನ ಚಪ್ಪಡಿ. ಬಾಗಿಲಿಲ್ಲ. ಒಳಗಿರುವವರು ಹೊರಬರುವ ಅಗತ್ಯವಿಲ್ಲ, ಹೊರಗಿರುವವರು ಒಳಹೋಗಲು ಅವಸರಪಡಬೇಕಿಲ್ಲ. 1398ರಲ್ಲಿ ಅರ್ಹದ್ದಾಸ, 1432ರಲ್ಲಿ ಮಂಗರಾಜ ಎಂಬ ಕವಿಗಳು ಗುರುಗಳ ಸಮಾಧಿಗೆ ಬರೆದ ದೀರ್ಘ ಪ್ರಶಸ್ತಿಗಳು ದೊಡ್ಡಬೆಟ್ಟದ ಸಿದ್ಧರ ಬಸದಿಯ ಕಂಬಗಳಲ್ಲಿವೆ. ಕನ್ನಡ ನಾಡಿನ ಒಳ್ಳೆಯ ಕವಿಗಳು ಸಾವಿನ ದಾಖಲೆ ಬರೆಯುವುದನ್ನು ಕೀಳು ಕೆಲಸವೆಂದು ಎಣಿಸಲಿಲ್ಲ.

ಈ ಅಕ್ಷರಗಳನ್ನು ಮತ್ತೆ ಓದಿ ಕೊಟ್ಟವರಿಗೂ ನಾವು ಋಣಿಗಳು. ಬಿ.ಎಲ್. ರೈಸ್ 1889ರಲ್ಲಿ ಬೆಳಗೊಳದ 144 ಶಾಸನಗಳನ್ನು ಅಚ್ಚು ಹಾಕಿಸಿದರು. ಆರ್. ನರಸಿಂಹಾಚಾರ್ಯರು 1923ರಲ್ಲಿ ಅದನ್ನು 500ಕ್ಕೆ ಏರಿಸಿದರು. 1973ರ ಆವೃತ್ತಿಯ ಹೊತ್ತಿಗೆ ಸಂಖ್ಯೆ 573 ಆಯಿತು. ಷ. ಶೆಟ್ಟರ್ ಅವರು ಈ ಸಾವುಗಳ ಅಧ್ಯಯನಕ್ಕೆ ತಮ್ಮ ವಿದ್ವತ್ತಿನ ದೊಡ್ಡ ಪಾಲನ್ನೇ ಮುಡಿಪಿಟ್ಟರು. ಅವರೆಲ್ಲರ ದುಡಿಮೆಯಿಂದ ನಾಗಮತಿ ಗಂತಿಯರ ಹೆಸರು ಬಂಡೆಯಿಂದ ಪುಸ್ತಕಕ್ಕೆ ಬಂತು.

ಸಲ್ಲೇಖನ ಹಳೆಯ ಕಾಲಕ್ಕೆ ಮುಗಿದುಹೋದ ಮಾತಲ್ಲ. 2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟ್ ಅದನ್ನು ಅಪರಾಧವೆಂದಿತು; ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ ಹುಟ್ಟಿದ ಆಚಾರ್ಯ ವಿದ್ಯಾಸಾಗರರು 2024ರ ಫೆಬ್ರವರಿ 18ರಂದು ಛತ್ತೀಸಗಢದ ಡೋಂಗರಗಢದಲ್ಲಿ ಮೂರು ದಿನ ಉಪವಾಸವಿದ್ದು ಸಮಾಧಿ ಹೊಂದಿದರು. ಆ ತೀರ್ಥದ ಹೆಸರೂ ಚಂದ್ರಗಿರಿಯೇ.

ನಮ್ಮಲ್ಲಿ ಬಹುಪಾಲು ಜನರದ್ದು ಆ ದಾರಿಯಲ್ಲ. ಬಾಗೂರು ಸೀಮೆಯ ಮನೆಗಳಲ್ಲಿ ಸಾವಾದರೆ ಮೂರನೆಯ ದಿನ ಹಾಲುತುಪ್ಪ ಬಿಡುತ್ತಾರೆ, ಹನ್ನೊಂದಕ್ಕೆ ತಿಥಿ ಮಾಡುತ್ತಾರೆ, ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುತ್ತಾರೆ. ಸತ್ತ ಮೇಲಿನ ವಿನಯ ನಮ್ಮಲ್ಲಿ ಇನ್ನೂ ಗಟ್ಟಿಯಾಗಿದೆ. ಸಡಿಲವಾಗಿರುವುದು ಸಾಯುವ ಮುಂಚಿನ ದಿನಗಳ ವಿನಯ. ಇಂದು ಎಷ್ಟೋ ಹಿರಿಯರು ಕಡೆಯ ದಿನಗಳನ್ನು ಗಾಜಿನ ಬಾಗಿಲಿನಾಚೆ, ಯಂತ್ರಗಳ ನಡುವೆ ಕಳೆಯುತ್ತಾರೆ. ಮಕ್ಕಳು ಹೊರಗೆ ಕಾಯುತ್ತಾರೆ. ನಿನಗೆ ಏನು ಬೇಕು ಎಂದು ಅವರನ್ನು ಕೇಳುವ ಹೊತ್ತು ದಾಟಿಹೋಗಿರುತ್ತದೆ, ಕ್ಷಮೆ ಕೇಳುವ ಹೊತ್ತೂ ದಾಟಿರುತ್ತದೆ.

2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟ್ ಘನತೆಯಿಂದ ಸಾಯುವ ಹಕ್ಕನ್ನು ಬದುಕುವ ಹಕ್ಕಿನ ಭಾಗವೆಂದು ಒಪ್ಪಿತು. ವಾಸಿಯಾಗದ ಸ್ಥಿತಿಯಲ್ಲಿ ಯಂತ್ರಗಳಿಂದ ಉಸಿರು ಎಳೆಸುವುದು ಬೇಡವೆಂದು ಮುಂಚೆಯೇ ಬರೆದಿಡಬಹುದು. 2025ರ ಜನವರಿಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ ಅದನ್ನು ಜಾರಿಗೆ ತರುವ ಸುತ್ತೋಲೆ ಹೊರಡಿಸಿತು. ಆ ಪತ್ರ ಸಲ್ಲೇಖನವಲ್ಲ, ವ್ರತವೂ ಅಲ್ಲ. ಆದರೆ ಅದಕ್ಕೆ ಇಬ್ಬರು ಸಾಕ್ಷಿಗಳು ಬೇಕು. ಆ ಇಬ್ಬರನ್ನು ಕೂರಿಸಿಕೊಂಡು ಸಾವಿನ ಮಾತನ್ನು ಬಾಯಿಬಿಟ್ಟು ಆಡಬೇಕು. ಕಾನೂನು ಸಾಕ್ಷಿ ಕೇಳುತ್ತದೆ, ಕಳ್ವಪ್ಪಿನ ಗುರುಗಳೂ ಮೊದಲು ಕೇಳುತ್ತಿದ್ದುದು ಅದನ್ನೇ. ಪರಲೋಕ ಇದೆಯೆನ್ನುವವರೂ ಇಲ್ಲವೆನ್ನುವವರೂ ಆ ಮಾತನ್ನು ಮನೆಯಲ್ಲಿ ಆಡಬಹುದು. ಹೆತ್ತವರು ಚೆನ್ನಾಗಿರುವಾಗಲೇ, ಅವರಿಗೆ ಮಾತಾಡುವ ಶಕ್ತಿ ಇರುವಾಗಲೇ, ಅವರನ್ನು ಕೇಳಿ ತಿಳಿದುಕೊಳ್ಳುವುದು ಮಕ್ಕಳ ಕೆಲಸ. ಕೇಳಿದ್ದಕ್ಕೆ ಕಡೆಯ ದಿನ ಸಾಕ್ಷಿಯಾಗಿ ನಿಲ್ಲುವುದೂ ಅವರದೇ ಕೆಲಸ.